ಸೂಜಿ ಕೊಡುವ ಕೆಲಸ

ಬೆಳಿಗ್ಗೆ ಬೆಳಿಗ್ಗೆ ಗುರುತಿಲ್ಲದವನೊಬ್ಬ ನಿಮ್ಮ ಬಾಗಿಲು ತಟ್ಟಿ, ಹಳೇ ಸೂಜಿ ತಗೊಂಡು ಹೊಸ ಸೂಜಿ ಕೊಡಿ ಅಂದರೆ ಏನು ಮಾಡುತ್ತೀರಿ? ಅಂಗಿಯ ಗುಂಡಿ ಕಿತ್ತುಹೋಗಿರಬೇಕು ಪಾಪ, ಅಂತ ದಾರವನ್ನೂ ಹುಡುಕುತ್ತೀರಿ ತಾನೆ? ನಾನೂ ಹುಡುಕಿದೆ. ಕಪ್ಪು ದಾರ ಬೇಕೋ ಬಿಳಿದೋ ಅಂತಲೂ ಕೇಳಿದೆ. ಆತ ಬಾಯಿ ಬಿಟ್ಟು ನೋಡಿದ. ಕೈಯಲ್ಲಿದ್ದ ಪೊಟ್ಟಣ ಬಿಚ್ಚಿದಾಗ ಬಾಯಿ ಬಿಡುವ ಸರದಿ ನನ್ನದಾಯಿತು. ಒಳಗಿದ್ದವು ಇಂಜೆಕ್ಷನ್ ಸೂಜಿಗಳು.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಿಂದ ನಾನು ಶಿಕಾರಿಪುರಕ್ಕೆ ಬಂದ ಮೊದಲ ವಾರ ಅದು. "ಸೂಜಿ ಕೊಡೋ ಕೆಲಸ ಸಿಕ್ಕಿದೆ ಅಮ್ಮ, ಬಂದು ಜೊತೆಗಿರು" ಅಂತ ಮಗಳು ಸಾವಿತ್ರಿ ಕರೆದಿದ್ದಳು. ಸೂಜಿ ಕೊಡುವುದು ಅಂದರೆ ನನ್ನ ಲೆಕ್ಕದಲ್ಲಿ ಚುಚ್ಚುವುದು. ಮಗಳು ನರ್ಸಮ್ಮ ಆದಳು ಅಂತ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಕೊಂಡೇ ಬಂದೆ. ಇಲ್ಲಿ ನೋಡಿದರೆ ಅವಳು ಯಾರಿಗೂ ಚುಚ್ಚುವುದಿಲ್ಲ, ನಿಜವಾಗಿಯೂ ಕೊಡುತ್ತಾಳೆ! ಅಮಲಿನ ಮದ್ದು ಚುಚ್ಚಿಕೊಳ್ಳುವವರು ಬಳಸಿದ ಸೂಜಿ ತಂದು ಡಬ್ಬಕ್ಕೆ ಹಾಕಬೇಕು, ಹೊಸದನ್ನು ಒಯ್ಯಬೇಕು. ಕೆಳಗಿನ ಕೋಣೆಯಲ್ಲಿ ಈ ವ್ಯವಹಾರ, ಮಹಡಿಯಲ್ಲಿ ನಮ್ಮ ವಾಸ.

ಬಿಟ್ಟಿ ಕೊಡುವವರನ್ನು ನಾನು ಎಂದೂ ನಂಬಿದವಳಲ್ಲ.

"ದುಡ್ಡು ಯಾರದ್ದೇ?"

"ಸರ್ಕಾರದ್ದು."

"ಹಾಗಾದ್ರೆ ಕುಡುಕರಿಗೆ ಲೋಟನೂ ಕೊಡುತ್ತಾ ಸರ್ಕಾರ?"

"ಲೋಟದಿಂದ ಏಡ್ಸ್ ಬರಲ್ಲಮ್ಮ."

ಊರಿನ ಮೇಲೂ ಅನುಮಾನವೇ. ನಮ್ಮ ಕಡೆ "ಬಾರೇ ಮಾರಾಯ್ತಿ" ಅಂದರೆ ಬರೀ ಬಾ ಅಂತ. ಇಲ್ಲಿ "ಬರ್ರೀ ಅಜ್ಜಿ, ಮಂಡಕ್ಕಿ ತಿನ್ರೀ" ಅಂದರೆ ಅದರ ಹಿಂದೆ ಇನ್ನೇನೋ ಇರುತ್ತದೆ. ತಂಬುಳಿಗೆ ಪಳಗಿದ ನಾಲಿಗೆಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ರುಚಿಸಿದ್ದು ಮಾತ್ರ ನಿಜ. ಹಗಲೆಲ್ಲ ಮಾತಿಗೆ ಜನವಿಲ್ಲದೆ ಬಾಯಿ ಕಟ್ಟಿದಂತಾಗಿತ್ತು. ಜವಳಿ ಅಂಗಡಿ ನಡೆಸುವ ಎದುರುಮನೆಯ ಗಿರಿಜಮ್ಮ ಮಂಡಕ್ಕಿ ಕೊಡುತ್ತಲೇ, ಮಗಳ ಕೆಲಸದ ಮೇಲೆ ನನಗಿದ್ದ ಸಿಟ್ಟನ್ನೆಲ್ಲ ಬಾಯಿಬಿಡಿಸಿದರು. ಆಮೇಲೆ ಕೋಣೆ ಖಾಲಿ ಮಾಡಿಸಬೇಕೆಂದು ಓಣಿಯವರಿಂದ ಅರ್ಜಿ ಬರೆಸಿದರು. "ಆ ಹುಡುಗಿಯ ತಾಯಿಯೇ ಸಹಿ ಹಾಕಿದರೆ ನಾಳೆಯೇ ಖಾಲಿ ಮಾಡಿಸ್ತೀನಿ" ಅಂದರಂತೆ ಮನೆ ಮಾಲೀಕರು.

ವಿಷಯ ಕೇಳಿ ಸಾವಿತ್ರಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. "ಜಾಗ ಇಲ್ಲ ಅಂದ್ರೆ ಮುಂದಿನ ಕಂತಿನ ಅನುದಾನ ಬರಲ್ಲಮ್ಮ. ಈ ಕೆಲಸಕ್ಕೆ ಇನ್ಯಾರು ಕೋಣೆ ಕೊಡ್ತಾರೆ? ಬಾಗಿಲು ಹಾಕಿದ್ರೆ ಇವರೆಲ್ಲ ಮತ್ತೆ ಒಂದೇ ಸೂಜಿ ಹಂಚ್ಕೋತಾರೆ. ಸಹಿ ನಿಂದು, ನಿಂಗೆ ಬಿಟ್ಟಿದ್ದು."

ಕಣ್ಣಾರೆ ನೋಡಿಯೇ ಬಿಡೋಣ ಅಂತ ಅವರೆಕಾಯಿ ಮೊರ ಹಿಡಿದು ಕೋಣೆಯ ಬಾಗಿಲಲ್ಲಿ ಕೂತೆ. ಮೊದಲ ವಾರ ನಾನು ದಾರ ಕೊಡಹೊರಟಿದ್ದೆನಲ್ಲ, ಅವನೇ ಬಂದ. ಹೆಸರು ಮಲ್ಲೇಶ, ಗಾರೆ ಕೆಲಸದವನು. ಸಾವಿತ್ರಿ ಹೊಸ ಪೊಟ್ಟಣ ಎತ್ತಿದ್ದೇ ಕೂಗಿದೆ: "ಸೂಜಿ ಕೈಯಿಂದ ಕೈಗೆ ಕೊಡಬೇಡವೇ, ಜಗಳ ಹತ್ತುತ್ತೆ! ಕೆಳಗಿಡು!"

ಅವಳು ನಕ್ಕಳು. "ಹಳೇ ಸೂಜೀನ ನಾವು ಕೈಯಲ್ಲಿ ಇಸ್ಕೊಳ್ಳೋ ಹಾಗೇ ಇಲ್ಲ, ಅವರೇ ಡಬ್ಬಕ್ಕೆ ಹಾಕ್ಬೇಕು. ಅರ್ಧ ನಿನ್ನ ಶಾಸ್ತ್ರನೇ ಇಲ್ಲಿನ ನಿಯಮ."

ನಾನು ಮಲ್ಲೇಶನ ಕಡೆ ತಿರುಗಿದೆ. "ಬಿಟ್ಟಿ ಸಿಗುತ್ತೆ ಅಂತ ಚುಚ್ಕೋತೀಯೇನೋ?"

"ಸಿಗದಿದ್ದಾಗ್ಲೂ ಚುಚ್ಕೊಂತಿದ್ದೆ ಅಜ್ಜಿ. ನಾಕು ಜನಕ್ಕೆ ಒಂದೇ ಸೂಜಿ. ಮೂರು ಜನಕ್ಕೆ ರೋಗ ಬಂತು. ನಂಗೆ ಬಂದಿಲ್ಲ, ಹೆಂಡ್ತಿಗೂ ಇಲ್ಲ."

"ಬಿಡೋದು ಯಾವಾಗ?"

"ಅಕ್ಕ ದಿನಾ ಕೇಳ್ತಾರೆ. ನೀವೂ ಕೇಳ್ರಿ, ಇಬ್ಬರು ಕೇಳಿದಂಗಾಗ್ತೈತಿ."

ಅವನನ್ನು ಈಗಲೂ ನಾನು ಪೂರ್ತಿ ನಂಬುವುದಿಲ್ಲ. ಅವನು ಬಂದಾಗ ಸೊಂಟದ ಸಂಚಿಯ ಮೇಲೆ ಒಂದು ಕೈ ಇಟ್ಟೇ ಇರುತ್ತೇನೆ. ಆದರೆ ಏನೂ ಚುಚ್ಚಿಕೊಳ್ಳದ ಆ ಹೆಂಡತಿ, ನಾನು ಮುಖವನ್ನೂ ನೋಡದವಳು, ಅರ್ಜಿಗೂ ಪೆನ್ನಿಗೂ ನಡುವೆ ಬಂದು ಕೂತಳು.

ಮರುದಿನ ಗಿರಿಜಮ್ಮ ಅರ್ಜಿ ತಂದರು. "ಹಾಕಲ್ಲ" ಅಂದೆ.

"ಅವತ್ತು ಮಗಳ್ನ ನೀವೇ ಬೈದ್ರಲ್ರೀ!"

"ದಿನಾ ಬೈಬೇಕು. ಅದಕ್ಕೇ ಅವಳು ಇಲ್ಲೇ ಇರಬೇಕು. ನಮ್ಮ ಓಣೀಲಿ ಸೂಜಿ ಬಿದ್ದಿದ್ದು ಕಂಡ್ರೆ ನನ್ನ ಕರೀರಿ. ಡಬ್ಬದಲ್ಲಿದ್ರೆ ಸುಮ್ಮನಿರಿ."

ಮಾತಿಗೆ ಮಾತು ಬೆಳೆಯಿತು. ನನಗೂ ಸಿಟ್ಟು ನೆತ್ತಿಗೇರಿತು. "ನಿಮ್ಮೂರಿನ ಸಹವಾಸವೇ ಸಾಕು, ನಾಳೆಯೇ ಸೊರಬದ ಬಸ್ಸು ಹತ್ತಿ ಹೋಗ್ತೀನಿ!" ಅಂದೆ.

ಗಿರಿಜಮ್ಮ ಅರ್ಜಿ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡರು.

"ಹೋಗ್ರೀ ಅಜ್ಜಿ, ಯಾರು ಬ್ಯಾಡ ಅಂದ್ರು? ಈಗಷ್ಟೇ 'ನಮ್ಮ ಓಣಿ' ಅಂದ್ರಲ್ಲ, ಆ ಬಾಯಿ ತಗಂಡು ಅಲ್ಲಿ ಇಳೀರಿ. ಶಿಕಾರಿಪುರದ ಅಜ್ಜಿ ಯಾರ ಮನಿಗೆ ಬಂದೈತಿ ಅಂತ ಕೇಳ್ತಾರೆ!"