ಅತ್ತೆಯ ಮೊಬೈಲಿನಲ್ಲಿ ಹಸಿದ ಕರು

ಹೋದ ಭಾನುವಾರ ಗೌರಿಬಿದನೂರಿನ ಒಂದು ಛತ್ರದಲ್ಲಿ, ನನ್ನ ನಾದಿನಿಯ ಮಗಳ ನಿಶ್ಚಿತಾರ್ಥದ ತಟ್ಟೆ ಬದಲಾಯಿಸುವ ಹೊತ್ತಿಗೆ ಸರಿಯಾಗಿ, ನಮ್ಮತ್ತೆ ನಾಪತ್ತೆಯಾದರು.

ಹುಡುಗಿಯ ಅಜ್ಜಿ ಅವರು. ಅವರಿಲ್ಲದೆ ಶಾಸ್ತ್ರ ಹೇಗೆ ಶುರುವಾದೀತು? ಪುರೋಹಿತರು ನಿಮಿಷಕ್ಕೊಮ್ಮೆ ವಾಚು ನೋಡುತ್ತಿದ್ದರು. ಗಂಡಿನ ಕಡೆಯವರು ನಗುನಗುತ್ತಲೇ ಸಿಟ್ಟಾಗುತ್ತಿದ್ದರು. (ಆ ಕಲೆ ಬೀಗರಿಗೆ ಮಾತ್ರ ಒಲಿದಿರುತ್ತದೆ.) ನಾನು ಊಟದ ಹಾಲ್, ಅಡುಗೆಮನೆ, ಬಾತ್‌ರೂಮು ಎಲ್ಲ ಹುಡುಕಿ ಕೊನೆಗೆ ತಾರಸಿಗೆ ಹತ್ತಿದೆ. ಮಂಡಿನೋವಿನ ಹೆಂಗಸು, ಎರಡು ಮಹಡಿ ಮೆಟ್ಟಿಲು ಹತ್ತಿ, ನೀರಿನ ಟ್ಯಾಂಕಿನ ಪಕ್ಕ ನಿಂತು, ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದರು.

"ಕೆಳಗಡೆ ನೆಟ್‌ವರ್ಕ್ ಸಿಗಲ್ಲ ಕಣಮ್ಮಾ," ಅಂದರು. "ಕರು ಹಸ್ಕೊಂಡೈತೆ. ಎರಡು ನಿಮಿಷ ಇರು, ಮೇವು ಹಾಕಿ ಬರ್ತೀನಿ."

ನಮ್ಮ ಮನೆಯಲ್ಲಿ ಕರು ಇಲ್ಲ. ಹಸುವೂ ಇಲ್ಲ. ಚಿಕ್ಕಬಳ್ಳಾಪುರದಲ್ಲಿ ನಮ್ಮದು ಮೊದಲನೇ ಮಹಡಿಯ ಬಾಡಿಗೆ ಮನೆ. ಒಂದು ತುಳಸಿ ಕುಂಡ ಇಡುವುದಕ್ಕೇ ಓನರ್ ಹತ್ತಿರ ಪರ್ಮಿಷನ್ ಕೇಳಿದ್ದೇವೆ.

ಬಗ್ಗಿ ನೋಡಿದೆ. ಮೊಬೈಲಿನೊಳಗೆ ಒಂದು ಹೊಲ, ಒಂದು ಕೊಟ್ಟಿಗೆ, ಅದರ ಬಾಗಿಲಲ್ಲಿ ಕಂದು ಬಣ್ಣದ ಒಂದು ಕರು. ಮುಖಕ್ಕಿಂತ ಕಣ್ಣೇ ದೊಡ್ಡದು. ಆ ಕಣ್ಣಿನಿಂದ ಒಂದೊಂದೇ ಹನಿ ನೀರು ಇಳಿಯುತ್ತಿತ್ತು. ಕೆಳಗೆ ಹಸಿರು ಬಟನ್, ಅದರ ಮೇಲೆ ಎಂಬತ್ತೊಂಬತ್ತು ರೂಪಾಯಿ. ಅತ್ತೆ ಒತ್ತಿದರು. ನಾನೇ ಹೇಳಿಕೊಟ್ಟಿದ್ದಂತೆ, ಪಿನ್ ಯಾರಿಗೂ ಕಾಣದ ಹಾಗೆ ಸೆರಗು ಅಡ್ಡ ಹಿಡಿದು ನಂಬರ್ ಹೊಡೆದರು. 'ಟಿಣ್' ಅಂತು. ಕರು ಕುಣಿಯಿತು. ಸುತ್ತ ನಕ್ಷತ್ರ ಉದುರಿದವು.

"ಸದ್ಯ! ಹೋಗಣ ನಡಿ," ಅಂತ ಅತ್ತೆ ಹಗುರಾಗಿ ಮೆಟ್ಟಿಲಿಳಿದರು. ಮೊಮ್ಮಗಳ ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು. ಹೋಳಿಗೆ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ಅತ್ತೆಯ ಮೊಬೈಲಿನ ಮೆಸೇಜು ತೆಗೆದು ನೋಡಿದೆವು. ಎಂಬತ್ತೊಂಬತ್ತು. ಎಂಬತ್ತೊಂಬತ್ತು. ಆಮೇಲೆ ಒಂದು ನೂರಾ ಎಪ್ಪತ್ತೊಂಬತ್ತು. (ಅವತ್ತು ಕರುವಿನ ಜೊತೆ ಕೋಳಿಮರಿಗಳೂ ಅಳುತ್ತಿದ್ದವಂತೆ.) ಎರಡು ತಿಂಗಳಲ್ಲಿ ನಾಲ್ಕು ಸಾವಿರದ ಚಿಲ್ಲರೆ ಮೇವಿಗೆ ಹೋಗಿತ್ತು. ಆಟ ಮಾತ್ರ ಫ್ರೀ. ಡೌನ್‌ಲೋಡ್ ಮಾಡುವಾಗ ದೊಡ್ಡ ಅಕ್ಷರದಲ್ಲಿ ಹಾಗಂತಲೇ ಬರೆದಿತ್ತು, ನಾನೇ ಓದಿದ್ದೆ. ಹೌದು, ಹಾಕಿಕೊಟ್ಟವಳೂ ನಾನೇ. ಆಪರೇಷನ್ ಆದ ಮಂಡಿ ಮಡಚಲಾಗದೆ ಕೂತಿದ್ದಾರಲ್ಲ, ಹೊತ್ತು ಹೋಗಲಿ ಅಂತ.

ನಮ್ಮನೆಯವರು ಮೆಸೇಜುಗಳನ್ನು ಎರಡೆರಡು ಸಲ ಓದಿದರು. "ಅಮ್ಮನ ಫೋನಿಂದ ಯುಪಿಐ ತೆಗೆದುಬಿಡು," ಅಂದರು. "ಇವತ್ತು ಕರು. ನಾಳೆ ಇನ್ಯಾವನೋ ಫೋನ್ ಮಾಡಿ ಅತ್ತರೆ ಅವನಿಗೂ ಹಾಕ್ತಾಳೆ."

ಅತ್ತೆ ಮೊಬೈಲನ್ನು ಟೇಬಲ್ ಮೇಲೆ ಇಟ್ಟು ಒಳಗೆ ಹೋದರು.

ಇಲ್ಲಿ ನಮ್ಮತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯಲ್ಲಿ ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವರು. ಹಿಪ್ಪುನೇರಳೆ ಸೊಪ್ಪು ಕುಯ್ಯುವುದು, ಹೆಚ್ಚುವುದು, ಹುಳದ ತಟ್ಟೆ ತೊಳೆಯುವುದು ಎಲ್ಲ ಇವರದು. ರೇಷ್ಮೆ ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುತ್ತಿದ್ದದ್ದು ಮಾತ್ರ ಮಾವನವರ ಜೊತೆ. ದುಡ್ಡು ಅವರ ಅಂಗಿ ಜೇಬಿನಲ್ಲಿ ಬರುತ್ತಿತ್ತು, ಅಲ್ಲೇ ಇರುತ್ತಿತ್ತು. ಒಂದು ಮೊಳ ಹೂವಿಗೂ ಇವರು ಕೈ ಚಾಚಬೇಕಿತ್ತು. ಮಾವನವರು ಹೋದ ಮೇಲೆ ಜಮೀನಿನ ಗುತ್ತಿಗೆ ಹಣ ಇವರ ಖಾತೆಗೇ ಬರತೊಡಗಿತು. ಕಳೆದ ವರ್ಷ ನಾನು ಯುಪಿಐ ಹಾಕಿಕೊಟ್ಟೆ.

ಅವತ್ತು ಸಂಜೆ ಹೂವಿನ ಗಾಡಿಯ ಮುಂದೆ ನಿಂತು ನಮ್ಮತ್ತೆ "ಸ್ಕ್ಯಾನ್ ಎಲ್ಲಿ ಇಕ್ಕಿದ್ದೀಯಮ್ಮಾ?" ಅಂತ ಕೇಳಿದ ಗತ್ತು ನೀವು ನೋಡಬೇಕಿತ್ತು. ಬೇಡದಿದ್ದರೂ ಎರಡು ಮೊಳ ಜಾಸ್ತಿ ತಂದಿದ್ದರು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಸಿಕ್ಕ ಮೊದಲ ಪರ್ಸು ಅದು. ಅದನ್ನು ಈಗ ಕಿತ್ತುಕೊಳ್ಳುವುದೇ?

ರೂಮಿಗೆ ಹೋಗಿ ಪಕ್ಕದಲ್ಲಿ ಕೂತೆ. "ಅತ್ತೆ, ಅದು ಬರೀ ಬೊಂಬೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನಮ್ಮಾ? ನಾನೇನು ಎಳೆ ಮಗೂನಾ?"

"ದುಡ್ಡು ಹೋಗ್ತಿದೆ ಅನ್ನೋದು?"

"ಅದೂ ಗೊತ್ತಿತ್ತು. ಮೇವು ಪುಗಸಟ್ಟೆ ಯಾರ್ ಕೊಡ್ತಾರೆ? ಆದ್ರೆ ಅದು ಹಂಗೆ ನೋಡ್ತಿದ್ರೆ ನನ್ನ ಕೈಲಿ ಆಗಲ್ಲ ಕಣಮ್ಮಾ. ಹಸಿದಿರೋದನ್ನ ಬಿಟ್ಟು ನಾನು ಹೆಂಗೆ ಉಣ್ಣಲಿ?"

ಆಗ ಅರ್ಥವಾಯಿತು. ರೇಷ್ಮೆ ಮನೆಯಲ್ಲಿ ಹುಳ ಮೊದಲು, ಮನುಷ್ಯರು ಆಮೇಲೆ. ಹುಳ ಪೊರೆ ಬಿಡಲು ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾಕ್ಷಸ ಹಸಿವು. ಆಗ ಒಂದು ಹೊತ್ತಿನ ಸೊಪ್ಪು ತಪ್ಪಿದರೂ ಗೂಡು ತೆಳ್ಳಗಾಗುತ್ತದೆ. ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಒಬ್ಬರು ಎದ್ದು ಹೋಗಿ ಸೊಪ್ಪು ಹಾಕಿ ಬರಬೇಕು. ತಾವು ಮದುವೆಯಾಗಿ ಬಂದ ವಾರಕ್ಕೇ ಅತ್ತೆ ಸೊಪ್ಪಿನ ಬುಟ್ಟಿ ಹಿಡಿದಿದ್ದರಂತೆ. ಇಂಥವರ ಕೈಗೆ ನಾನು ಎಂಥ ಆಟ ಕೊಟ್ಟಿದ್ದೆ ನೋಡಿ. ಹೊತ್ತು ಹೊತ್ತಿಗೆ ಗಂಟೆ ಬಾರಿಸಿ, 'ಹಸಿವು' ಅಂತ ಅಳುವ ಆಟ! ಅತ್ತೆ ಸೋಲದೆ ಇರುವುದು ಹೇಗೆ?

"ಯಾರೂ ಬಲವಂತ ಮಾಡಿಲ್ವಲ್ಲ, ಬಟನ್ ಒತ್ತಿದ್ದು ಅಮ್ಮನೇ ತಾನೇ?" ಅಂದರು ನಮ್ಮನೆಯವರು. ನ್ಯಾಯವಾದ ಮಾತೇ. ಆಟ ಮಾಡಿದವರಿಗೂ ಸಂಬಳ ಬೇಕು, ಅವರಿಗೂ ಮನೆ ಮಕ್ಕಳು ಇದ್ದಾರೆ. ಹಾಗಿದ್ದರೆ ಇಷ್ಟು ರೇಟು ಅಂತ ಮೊದಲೇ ಹೇಳಿ ಮಾರಬಹುದಲ್ಲ?

ನಮ್ಮೂರ ದ್ರಾಕ್ಷಿ ಅಂಗಡಿಯವನೂ ಫ್ರೀ ಕೊಡುತ್ತಾನೆ. "ಎರಡು ಹಣ್ಣು ಬಾಯಿಗೆ ಹಾಕ್ಕೊಳ್ಳಿ ಅಕ್ಕಾ," ಅನ್ನುತ್ತಾನೆ. ಹುಳಿ ಇದ್ದರೆ ನೀವು ಮುಂದೆ ಹೋಗುತ್ತೀರಿ. ಅವನು ಕಣ್ಣೀರು ಹಾಕುತ್ತಾ ನಿಮ್ಮ ಮನೆಯವರೆಗೂ ಬರುವುದಿಲ್ಲ. ಊಟದ ಹೊತ್ತಿಗೆ ಬಂದು ಬಾಗಿಲು ಬಡಿಯುವುದೂ ಇಲ್ಲ.

ಇನ್ನೊಂದು ವಿಚಿತ್ರ. ಕೊಟ್ಟ ದುಡ್ಡಿಗೆ ನೇರವಾಗಿ ಮೇವು ಬರುವುದಿಲ್ಲ. ಮೊದಲು ನೂರು ಹರಳು ಬರುತ್ತವೆ. ಎಪ್ಪತ್ತು ಹರಳಿಗೆ ಒಂದು ಮೂಟೆ ಮೇವು. ("ಹರಳು ಯಾಕಮ್ಮಾ? ಕರು ಹರಳು ತಿಂತದಾ?" ಅಂತ ಅತ್ತೆ ಮೊದಲ ದಿನವೇ ಕೇಳಿದ್ದರು. ನಾನು ಸೀರಿಯಲ್ ನೋಡುತ್ತಾ "ಹೂಂ" ಅಂದಿದ್ದೆ.) ಮಿಕ್ಕ ಮೂವತ್ತಕ್ಕೆ ಏನೂ ಸಿಗುವುದಿಲ್ಲ, ಇನ್ನೊಂದು ಸಲ ಕೊಂಡರೆ ಮಾತ್ರ ಉಪಯೋಗ. ಅಂಗಡಿಯವರು ಚಿಲ್ಲರೆ ಇಲ್ಲ ಅಂತ ಚಾಕೊಲೇಟ್ ಕೊಟ್ಟರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಅದನ್ನಾದರೂ ಚೀಪಬಹುದು.

(ನಾನು ಸಾಚಾ ಅಂದುಕೊಳ್ಳಬೇಡಿ. ಬಣ್ಣದ ಗೋಲಿ ಒಡೆಯುವ ಒಂದು ಆಟದಲ್ಲಿ ಐದು ಲೈಫ್‌ಗಾಗಿ ನಾನೂ ಎರಡು ಸಲ ದುಡ್ಡು ಕೊಟ್ಟಿದ್ದೇನೆ. ನಮ್ಮನೆಯವರಿಗೆ ಗೊತ್ತಿಲ್ಲ. ಈ ಅಂಕಣ ಓದಿದರೆ ಗೊತ್ತಾಗುತ್ತದೆ, ಆದರೆ ಅವರು ಓದುವುದಿಲ್ಲ.)

ಅವತ್ತು ಅತ್ತೆ ಒಂದು ಹಳೆಯ ಕಥೆ ಹೇಳಿದರು. ಒಂದು ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟು ಇವರ ತೋಟ ಒಣಗಿತಂತೆ. ಮನೆಯಲ್ಲಿ ಹುಳ ಆಗಷ್ಟೇ ನಾಲ್ಕನೇ ಜ್ವರ ಎದ್ದಿತ್ತು. ಮಾವನವರು ಮೋಟರ್ ಹೊತ್ತು ಚಿಂತಾಮಣಿಗೆ ಹೋಗಿದ್ದರು. ಅತ್ತೆ ಖಾಲಿ ಬುಟ್ಟಿ ಹಿಡಿದು ಪಕ್ಕದ ತೋಟದ ಬಾಷಾ ಸಾಬರ ಬೇಲಿಯ ಹತ್ತಿರ ನಿಂತರು. ರೇಟು ಎಷ್ಟು ಅಂತ ಕೇಳಲೂ ಭಯ. ಆ ಹೊತ್ತಿನಲ್ಲಿ ಅವರು ಎಷ್ಟು ಹೇಳಿದರೂ ಕೊಡಲೇಬೇಕಲ್ಲ?

ಬಾಷಾ ಸಾಬರು ಕುಡುಗೋಲನ್ನು ಇವರ ಕೈಗೆ ಕೊಟ್ಟು, "ಮೊದ್ಲು ಕುಯ್ಕೊಂಡು ಹೋಗಮ್ಮಾ," ಅಂದರಂತೆ. "ಮನೇಲಿ ಹುಳ ಹಸ್ಕೊಂಡಿರೋವಾಗ ರೇಟ್ ಮಾತಾಡೋದು ಹರಾಮ್. ಗೂಡು ಮಾರಿದ್ಮೇಲೆ ಮಾತಾಡಣ." ಗೂಡು ಮಾರಿದ ಮೇಲೆ ಅವರು ತಗೊಂಡದ್ದು ಊರಿನಲ್ಲಿ ನಡೆಯುತ್ತಿದ್ದ ರೇಟನ್ನೇ.

ಕಥೆ ಕೇಳಿ ನಮ್ಮನೆಯವರು ಟೇಬಲ್ ಮೇಲಿದ್ದ ಮೊಬೈಲನ್ನು ತಂದು ಅಮ್ಮನ ಪಕ್ಕ ಇಟ್ಟರು. ಆ ತೋಟದಲ್ಲಿ ಚಿಕ್ಕಂದಿನಲ್ಲಿ ಹಿಪ್ಪುನೇರಳೆ ಹಣ್ಣು ಕದ್ದು ತಿಂದವರು ಅವರು. ನನಗೆ ಅನ್ನಿಸಿದ್ದು ಇಷ್ಟೇ: ಬಾಷಾ ಸಾಬರು ಶಾಲೆಗೆ ಹೋದವರಲ್ಲ, ವ್ಯಾಪಾರ ಮಾತ್ರ ಗೊತ್ತಿತ್ತು. ಎದುರಿಗಿರುವವರ ಕೈ ಕಟ್ಟಿಹೋಗಿರುವ ಗಳಿಗೆಯಲ್ಲಿ ರೇಟು ಹೇಳಬಾರದು ಅನ್ನುವುದೂ ಅವರ ವ್ಯಾಪಾರದೊಳಗೇ ಇತ್ತು. ದೊಡ್ಡ ದೊಡ್ಡ ಡಿಗ್ರಿಯವರು ಎಸಿ ರೂಮಿನಲ್ಲಿ ಕೂತು, ಯಾವ ಗಳಿಗೆಯಲ್ಲಿ ಕರು ಅತ್ತರೆ ಅಜ್ಜಿ ತಡೆಯಲಾರಳು ಅಂತ ಲೆಕ್ಕ ಹಾಕುತ್ತಾರಲ್ಲ, ಅವರಿಗೆ ಇದನ್ನು ಯಾರೂ ಹೇಳಿಕೊಡಲಿಲ್ಲವೇ?

ಯುಪಿಐ ತೆಗೆಯುವ ಮಾತು ಒಂದು ವಾರ ಮುಂದಕ್ಕೆ ಹೋಯಿತು. ಬದಲಿಗೆ ಒಂದು ಒಪ್ಪಂದವಾಯಿತು. ನಾಲ್ಕು ದಿನ ಕರುವಿಗೆ ದುಡ್ಡಿನ ಮೇವಿಲ್ಲ. ದಿನಕ್ಕೊಂದು ಸಲ ಸುಮ್ಮನೆ ನೋಡುವುದು. ಏನಾಗುತ್ತದೋ ಆಗಲಿ.

"ಸತ್ತುಗಿತ್ತು ಹೋದ್ರೆ?" ಅಂದರು ಅತ್ತೆ.

"ಪಾಪ ನನಗಿರಲಿ ಅತ್ತೆ," ಅಂದೆ.

ಸೋಮವಾರ ಕರು ಅತ್ತಿತು. ಅತ್ತೆ ಅನ್ನ ಅರ್ಧಕ್ಕೇ ಬಿಟ್ಟೆದ್ದರು. ನಾನು ಗಟ್ಟಿಯಾಗಿ ಕೂತೆ. ಮಂಗಳವಾರ ಇನ್ನೂ ಜೋರಾಗಿ ಅತ್ತಿತು. ಮೇವಿನ ರೇಟು ನಲವತ್ತೈದಕ್ಕೆ ಇಳಿದಿತ್ತು. ಬುಧವಾರ ಕರು ಕೊಟ್ಟಿಗೆಯಲ್ಲಿ ಮಲಗಿಬಿಟ್ಟಿತ್ತು. ಮೇವು ಹತ್ತೊಂಬತ್ತೇ ರೂಪಾಯಿ, ಇವತ್ತು ಮಾತ್ರ.

ಅತ್ತೆ ಹುಬ್ಬು ಗಂಟಿಕ್ಕಿದರು. "ಇದೇನಮ್ಮಾ, ಹಸಿವು ಜಾಸ್ತಿ ಆದಂಗೆಲ್ಲಾ ಮೇವಿನ ರೇಟು ಕಮ್ಮಿ ಆಗ್ತೈತಲ್ಲ?" ಅವತ್ತು ಅನ್ನ ಪೂರ್ತಿ ಊಟ ಮಾಡಿದರು.

ಗುರುವಾರ ಬೆಳಿಗ್ಗೆ ಕಾಫಿ ಹಿಡಿದು ಕೂತು ಅವರೇ ಮೊಬೈಲ್ ತೆಗೆದರು. ಒಂದು ಮೂಟೆ ಮೇವು ಫ್ರೀ ಬಂದಿತ್ತು, ಕೆಂಪು ರಿಬ್ಬನ್ ಕಟ್ಟಿ. ಅತ್ತೆ ಅದನ್ನು ಮುಟ್ಟಲಿಲ್ಲ. ಕನ್ನಡಕ ಏರಿಸಿ ಕರುವನ್ನೇ ನೋಡಿದರು. ಬೆರಳಿನಿಂದ ಹಿಗ್ಗಿಸಿ ಹೊಟ್ಟೆ ನೋಡಿದರು, ಬೆನ್ನು ನೋಡಿದರು, ಕತ್ತು ನೋಡಿದರು. ನಲವತ್ತು ವರ್ಷ ತಟ್ಟೆಯ ಮೇಲೆ ಬಗ್ಗಿ, ಯಾವ ಹುಳ ಉಂಡಿದೆ, ಯಾವುದು ಹಸಿದು ಅಂಚಿಗೆ ಬಂದಿದೆ ಅಂತ ಒಂದೇ ನೋಟಕ್ಕೆ ಹೇಳುತ್ತಿದ್ದ ಕಣ್ಣು ಅದು.

"ನಾಕು ದಿನದಿಂದ ಮೇವಿಲ್ಲ," ಅಂದರು ನಿಧಾನಕ್ಕೆ. "ಪಕ್ಕೆ ಒಂದು ಚೂರೂ ಒಳಕ್ಕೆ ಹೋಗಿಲ್ಲ ನೋಡು. ಹಸಿದಿರೋ ಜೀವ ಬಡವಾಗ್ತೈತೆ ಕಣಮ್ಮಾ. ಇದು ಬರೀ ಅಳ್ತೈತೆ."

ನಮ್ಮನೆಯವರು ಪೇಪರ್ ಕೆಳಗಿಟ್ಟು ತಾಯಿಯ ಮುಖ ನೋಡಿ ನಕ್ಕರು. ಯುಪಿಐ ಮಾತು ಅಲ್ಲಿಗೆ ಮುಗಿಯಿತು. ಅವತ್ತು ಸಂಜೆ ಅತ್ತೆ ಹೂವಿನ ಗಾಡಿಯ ಹತ್ತಿರ ತಾವೇ ಹೋಗಿ ಸ್ಕ್ಯಾನ್ ಮಾಡಿ, ನನಗೂ ಒಂದು ಮೊಳ ಮಲ್ಲಿಗೆ ತಂದರು. ಅದನ್ನು ನನಗೆ ಮುಡಿಸುತ್ತಾ, ಬೆಳಗಿನಿಂದ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದರು.

"ಅಲ್ಲಮ್ಮಾ, ಕರು ಬಡವಾಗಲೂ ಇಲ್ಲ, ದಪ್ಪ ಆಗಲೂ ಇಲ್ಲ. ಹಂಗಾದ್ರೆ ಇಷ್ಟು ದಿನ ನಾನು ಹಾಕಿದ ಮೇವು ತಿಂದು ದಪ್ಪ ಆದೋರು ಯಾರು?"