ಪಡಸಾಲೆಯಿಂದ ಗುರುಗುಂಟಾಕ್ಕೆ

ನಮ್ಮತ್ತಿ ವರ್ಷಕ್ಕೊಮ್ಮೆ, ನಾಗರಪಂಚಮಿಯ ಹಿಂದಿನ ದಿನ, ತಪ್ಪದೆ ತವರಿಗೆ ಹೋಗುವವರು. ಸಿಂಧನೂರಿನಿಂದ ಮಸ್ಕಿ, ಅಲ್ಲಿಂದ ಲಿಂಗಸುಗೂರು, ಅಲ್ಲಿ ಬಸ್ ಬದಲಿಸಿ ಗುರುಗುಂಟಾ. ಕಳೆದ ವರ್ಷ ಹಬ್ಬಕ್ಕೆ ಎರಡು ತಿಂಗಳಿರುವಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಹಿಡಿದು ಮನೆಯೊಳಗೆ ಓಡಾಡುವಂತೆಯೂ ಆದರು. ಬಸ್ಸು ಹತ್ತುವುದು ಮಾತ್ರ ದೀಪಾವಳಿವರೆಗೆ ಬೇಡ ಎಂದರು ಡಾಕ್ಟರು. ಪಂಚಮಿ ಹತ್ತಿರ ಬಂದಂತೆ ಅತ್ತಿಯ ಊಟ ಕಡಿಮೆಯಾಯಿತು. ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದರು.

ಅದೇ ಹೊತ್ತಿಗೆ ನಾಲ್ಕನೇ ಕ್ಲಾಸಿನ ನನ್ನ ಮಗಳು ಫೋನಿನಲ್ಲಿ ಏನೋ ನೋಡಿ, ಮನೆಯಲ್ಲಿ ಒಂದು ದಿನವಿಡೀ ಒಂದೇ ವಿಷಯ ಇಟ್ಟುಕೊಂಡು ಎಲ್ಲರೂ ಆಡಬೇಕೆಂದು ಹಟ ಹಿಡಿದಿದ್ದಳು. ಯಾರದೋ ಮನೆಯಲ್ಲಿ ಕಾಡು ಮಾಡಿದ್ದರಂತೆ, ಇನ್ಯಾರದೋ ಮನೆಯಲ್ಲಿ ಅರಮನೆ. ನಾನು ಬ್ಲೌಸ್ ಹೊಲಿಯುವವಳು. ಕೈಯಲ್ಲಿ ಬಟ್ಟೆಯೊಂದಿದ್ದರೆ ಏನು ಬೇಕಾದರೂ ಮಾಡಿಯೇನೆಂಬ ಧೈರ್ಯ ನನಗೆ ಯಾವತ್ತೂ ಇದೆ. ಭಾನುವಾರ ಆಡೋಣ, ಏನು ಮಾಡಬೇಕು ಹೇಳು ಅಂದೆ. ಅವಳು ಯೋಚಿಸುತ್ತಿರುವಾಗಲೇ ಮಂಚದ ಮೇಲಿಂದ ಅತ್ತಿ ಅಂದರು:

"ಗುರುಗುಂಟಾಕ್ಕ ಹೋಗೋ ಬಸ್ ಮಾಡ್ರಿ. ನಾನೂ ಬರ್ತೀನಿ."

ಆ ಭಾನುವಾರವೇ ಪಂಚಮಿಯ ಹಿಂದಿನ ದಿನ. ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡು ಸಾಲಾಗಿ ಇಟ್ಟೆವು. ಕಿಟಕಿಯ ಹೊರಗೆ ಕಾಣಬೇಕಾದ್ದನ್ನು ನಾನು ಉಳಿದ ಬಟ್ಟೆ ತುಂಡುಗಳಲ್ಲಿ ಹೊಲಿದಿದ್ದೆ. ಸಿಂಧನೂರು ದಾಟುತ್ತಲೇ ಬರುವ ಭತ್ತದ ಗದ್ದೆಗೆ ಗಿಳಿಹಸಿರು ಲೈನಿಂಗ್, ಕಾಲುವೆಗೆ ಸೀರೆ ಅಂಚಿಗೆ ಹಚ್ಚುವ ನೀಲಿ ಫಾಲ್, ಮಸ್ಕಿಯ ಗುಡ್ಡಕ್ಕೆ ಹಳೆಯ ಕಂಬಳಿ ಚೂರು. ಎಲ್ಲವನ್ನೂ ಉದ್ದನೆಯ ಹಗ್ಗಕ್ಕೆ ಪೋಣಿಸಿ, ಬಸ್ಸು ಮುಂದೆ ಹೋದಂತೆ ಎಳೆಯುವ ಕೆಲಸ ನನ್ನದು. ನನ್ನ ಗಂಡ ಹಿಟ್ಟು ನಾದುವ ಪರಾತ ಹಿಡಿದು ಡ್ರೈವರ್ ಆದ. ಮಗಳು ಸೀಟಿ ಊದುವ ಕಂಡಕ್ಟರ್. ಅತ್ತಿ ಹೊಸ ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ಉಂಡಿ ತುಂಬಿದ ಎರಡು ಡಬ್ಬಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಆಟಕ್ಕೆ ಎರಡು ಡಬ್ಬಿ ಯಾಕೆ ಅಂದುಕೊಂಡೆ, ಕೇಳಲಿಲ್ಲ.

ಆಟ ಚೆನ್ನಾಗಿಯೇ ನಡೆಯಿತು. ಡ್ರೈವರ್ ಜೋರಾಗಿ ಓಡಿಸಿದನೆಂದು ಅತ್ತಿ ಎರಡು ಸಲ ಬೈದರು. ಕಂಬಳಿ ಗುಡ್ಡ ಕಾಣುತ್ತಲೇ ಮಗಳು ಸೀಟಿ ಊದಿ, ಮಸ್ಕಿ ಬಂತು, ಇಳಿಯುವವರು ಇಳೀರಿ ಎಂದು ಕೂಗಿದಳು. ಅತ್ತಿ ವಾಕರ್ ಹಿಡಿದು ಎದ್ದರು.

"ಆಯಿ, ನಿನ್ನ ಟಿಕೆಟ್ ಗುರುಗುಂಟಾಕ್ಕ ಐತಿ," ಅಂದಳು ಮಗಳು.

"ಗೊತ್ತೈತಿ. ನಾ ಹಿಂದಿನ ಬಸ್ಸಿಗೆ ಬರ್ತೀನಿ."

ಒಂದು ಡಬ್ಬಿ ಕೈಯಲ್ಲಿ ಹಿಡಿದು ಹೊರಗಿನ ಕಟ್ಟೆಗೆ ಹೋಗಿ ಕುಳಿತರು. ನಾವು ಆಟವೆಂದೇ ತಿಳಿದೆವು. ಬಹಳ ಹೊತ್ತಾದರೂ ಬರಲಿಲ್ಲವೆಂದು ನಾನು ಹೋಗಿ ನೋಡಿದರೆ, ಅತ್ತಿ ಅಳುತ್ತಿದ್ದರು.

ಪಕ್ಕದಲ್ಲಿ ಕುಳಿತೆ. ಕಣ್ಣೊರೆಸಿಕೊಂಡು ತಾವೇ ಹೇಳಿದರು. ಗುರುಗುಂಟಾದ ಶಾಲೆಯಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳಿದ್ದಾಳೆ, ಮುಸಲ್ಮಾನರ ಹುಡುಗಿ, ಮಸ್ಕಿಗೆ ಕೊಟ್ಟಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಬಳೆ ಅಂಗಡಿ. ಮದುವೆಯಾದಾಗಿನಿಂದ ಪ್ರತಿ ವರ್ಷ ಈ ದಿನ ಅತ್ತಿ ಮಸ್ಕಿಯಲ್ಲಿ ಇಳಿದು, ಅವಳ ಅಂಗಡಿಯಲ್ಲಿ ಒಂದು ತಾಸು ಕುಳಿತು ಮುಂದಿನ ಬಸ್ಸು ಹಿಡಿಯುತ್ತಿದ್ದರು. ಫೋನ್ ನಂಬರು ಇಬ್ಬರಲ್ಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನನ್ನ ಗಂಡನಿಗೆ ಬೇಸರವಾಯಿತು. ಇಷ್ಟು ವರ್ಷ ಯಾಕೆ ಮುಚ್ಚಿಟ್ಟೆ ಎಂದು ಕೇಳಿದ.

"ಮುಚ್ಚಿಟ್ಟಿಲ್ಲಪಾ. ಬಸ್ ಯಾಕ ತಡ ಆತು ಅಂತ ಕೇಳ್ತಿದ್ರಿ, ಬಸ್ಸಿಗೆ ಬೈತಿದ್ರಿ. ನೀ ಎಲ್ಲಿದ್ದಿ ಅಂತ ಯಾರೂ ಕೇಳಲಿಲ್ಲ," ಅಂದರು ಅತ್ತಿ. ಆಮೇಲೆ ಮೆಲ್ಲಗೆ, "ಆಕಿ ಈಗ ದಾರಿ ನೋಡಾಕತ್ತಿರ್ತಾಳ."

ನನ್ನ ಗಂಡ ಚಪ್ಪಲಿ ಮೆಟ್ಟಿದ. ಅತ್ತಿಯ ಕೈಯಿಂದ ಡಬ್ಬಿ ತೆಗೆದುಕೊಂಡು ಮಸ್ಕಿಗೆಂದು ಬೈಕ್ ಹತ್ತಿದ. ಮಧ್ಯಾಹ್ನ ಒಬ್ಬನೇ ಬಂದ. ಗೆಳತಿಗೆ ಎಲ್ಲ ಹೇಳಿದ್ದೇನೆ, ಬೈಕ್ ಬೇಡ, ಬಸ್ಸಿಗೇ ಬರುತ್ತೇನೆ ಅಂದಿದ್ದಾರೆ ಎಂದ. ಕಂಡಕ್ಟರ್ ಅಷ್ಟು ಹೊತ್ತೂ ಕುರ್ಚಿ ತೆಗೆಯಲು ಬಿಟ್ಟಿರಲಿಲ್ಲ, ನಮ್ಮ ಆಟದ ಬಸ್ಸು ಮಸ್ಕಿಯಲ್ಲೇ ನಿಂತಿತ್ತು.

ನಾಲ್ಕರ ಸುಮಾರಿಗೆ ಅವರು ಬಂದರು. ಎತ್ತರದ, ತೆಳ್ಳಗಿನ ಹೆಂಗಸು. ವಾಕರ್ ನೋಡಿ ಬಾಗಿಲಲ್ಲೇ ನಿಂತು ಅಂದರು: "ಎಲುಬು ಮುರದ್ರ ಒಂದು ಮಾತು ಕಳಸಬಾರದೇನಬೇ? ಸತ್ತೀಯಂತ ತಿಳಕೊಂಡಿದ್ದೆ."

ಅತ್ತಿ ನಕ್ಕರು. ಆ ತಿಂಗಳಲ್ಲಿ ಅದೇ ಮೊದಲು.

ಮಗಳು ಇಬ್ಬರನ್ನೂ ಪಕ್ಕಪಕ್ಕ ಕೂಡಿಸಿ ಬಸ್ಸು ಬಿಡಿಸಿದಳು. ಸಜ್ಜೆ, ತೊಗರಿ ಹೊಲದ ಬಟ್ಟೆಗಳನ್ನು ಎಳೆಯುತ್ತ ಲಿಂಗಸುಗೂರಿನವರೆಗೆ ಬಂದೆ. ಅಲ್ಲಿಗೆ ನನ್ನ ಹಗ್ಗ ಮುಗಿಯಿತು, ಮುಂದಿನ ದಾರಿ ನನಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಬರೀ ಗೋಡೆ ನೋಡುತ್ತ ಅವರಿಬ್ಬರೇ ಹೇಳತೊಡಗಿದರು. ಶಾಲೆ ಮುಂದೆ ಇದ್ದದ್ದು ಹುಣಸಿಗಿಡ ಅಂದರು ಅತ್ತಿ, ಗೆಳತಿ ಬೇವು ಅಂದರು. ಊರು ಬಂದಾಗ, ನಿಮ್ಮ ಮನೆ ಯಾವುದು ಎಂದು ಮಗಳು ಗೆಳತಿಯನ್ನು ಕೇಳಿದಳು. ಅಣ್ಣಂದಿರು ಮನೆ ಮಾರಿ ಹೋದ ಮೇಲೆ ತಾನು ಆ ಊರಿಗೆ ಹೋಗಿಯೇ ಇಲ್ಲ, ಯಾರ ಬಾಗಿಲಿಗೆ ಹೋಗಿ ನಿಲ್ಲಲಿ ಎಂದರು.

ಅತ್ತಿಯ ಮುಖ ಸಣ್ಣದಾಯಿತು. ಪ್ರತಿ ವರ್ಷ ಅವಳನ್ನು ಮಸ್ಕಿಯಲ್ಲೇ ಬಿಟ್ಟು ತಾನೊಬ್ಬಳೇ ಮುಂದೆ ಹೋದದ್ದು ಆಗ ಹೊಳೆದಿರಬೇಕು.

"ನಮ್ಮ ಮನಿ ಐತಲ್ಲ. ಬರೋ ಪಂಚಮಿಗೆ ಇಬ್ರೂ ಹೋಗೂಣು," ಅಂದರು.

ಈ ವರ್ಷ ನಾನೇ ಅತ್ತಿಯನ್ನು ಮಸ್ಕಿಯವರೆಗೆ ಕರೆದುಕೊಂಡು ಹೋದೆ. ಗೆಳತಿ ಹಬ್ಬದ ವ್ಯಾಪಾರ ಸೊಸೆಗೆ ಒಪ್ಪಿಸಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಇಬ್ಬರನ್ನೂ ಲಿಂಗಸುಗೂರಿನ ಬಸ್ಸು ಹತ್ತಿಸಿ, ಕೈ ಬೀಸಲೆಂದು ಕೆಳಗೆ ನಿಂತೆ. ಕಿಟಕಿ ಸೀಟು ಯಾರದೆಂದು ಜಗಳಾಡುತ್ತಿದ್ದವರಿಗೆ ನನ್ನ ಕಡೆ ನೋಡಲು ಪುರುಸೊತ್ತಾಗಲಿಲ್ಲ. ಬಸ್ಸು ಹೊರಟ ಮೇಲೆ ಸ್ಟ್ಯಾಂಡಿನಲ್ಲಿ ಬಿಸಿ ಮಿರ್ಚಿ ಭಜಿ ತಿಂದು, ಸಿಂಧನೂರಿನ ಬಸ್ಸು ಹಿಡಿದೆ. ಹಬ್ಬದ ಬ್ಲೌಸುಗಳು ಇನ್ನೂ ಹೊಲಿಯುವುದಿತ್ತು.