ಜೋಡಿ ಹರಿಗೋಲಿನ ಎಂಜಿನ್

ಹೊನ್ನಾಳಿಯ ಮುರುಗೇಶಪ್ಪನಿಗೆ ಎಂಜಿನ್ ಹುಚ್ಚು. ಅದೇನು ಅಂತಿಂಥ ಹುಚ್ಚಲ್ಲ. ಅಡಿಕೆ ವ್ಯಾಪಾರದ ಮನೆಯಲ್ಲಿ ಹುಟ್ಟಿ, ತಕ್ಕಡಿ ಹಿಡಿಯಬೇಕಾದ ಕೈಯಲ್ಲಿ ಸ್ಪ್ಯಾನರ್ ಹಿಡಿದು, ಶಿವಮೊಗ್ಗದ ಬಸ್ಸಿಗೆ ಡ್ರೈವರಾದ ಹುಚ್ಚು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದಾಗ ಉಳಿದ ಡ್ರೈವರುಗಳು ಕೆಮ್ಮುತ್ತ ಶಾಪ ಹಾಕಿದರೆ, ಈ ಮಹರಾಯ ಮಸಿ ಮೆತ್ತಿದ ಮುಖದಲ್ಲಿ ನಗುತ್ತ ಮನೆಗೆ ಬರುತ್ತಿದ್ದ. ಬಿಡುವಿನಲ್ಲಿ ಬಿದಿರು, ತೆಳು ಹಲಗೆ, ಹಳೇ ಪಂಚೆ ಸೇರಿಸಿ ಒಂದು ಮಾದರಿ ವಿಮಾನ ಕಟ್ಟಿದ್ದ. ಜಗುಲಿಯಲ್ಲಿಟ್ಟರೆ ಮನೆಯವರು ಕೂರಲು ಜಾಗವಿರುತ್ತಿರಲಿಲ್ಲ. ಅದಕ್ಕೊಂದು ಪೆಟ್ರೋಲ್ ಎಂಜಿನ್ ಕೂರಿಸಿ, ಮರಗಿಡ ಅಡ್ಡ ಬಾರದ ಜಗಳೂರಿನ ಬಯಲಿನಲ್ಲಿ ಹಗ್ಗ ಹಿಡಿದು ಸುತ್ತ ಹಾರಿಸಬೇಕು ಎಂಬುದು ಅವನ ಜೀವಮಾನದ ಆಸೆ.

ಅವನ ಜೀವವೇ ಒಬ್ಬರು ಉಳಿಸಿಕೊಟ್ಟದ್ದು ಎಂಬುದನ್ನು ಮೊದಲು ಹೇಳಬೇಕಿತ್ತು. ಊರ ಕೆಳಗಿನ ಕಡವಿನಲ್ಲಿ ಅಂಬಿಗ ದುರುಗಪ್ಪ ಹರಿಗೋಲು ಹಾಕುತ್ತಿದ್ದ. ಮುರುಗೇಶಪ್ಪ ಹರೆಯದವನಿದ್ದಾಗ, ತುಂಬಿದ ಹೊಳೆಯಲ್ಲಿ ಹೊಸ ಸೈಕಲ್ಲಿನ ಸಮೇತ ಹರಿಗೋಲಿನಿಂದ ಉರುಳಿದ. ಮುಳುಗುತ್ತಿದ್ದರೂ ಸೈಕಲ್ ಬಿಡಲಿಲ್ಲ. ದುರುಗಪ್ಪ ನೀರಿಗೆ ಹಾರಿ, ಬಲಗೈಯಲ್ಲಿ ಅವನ ಜುಟ್ಟು ಹಿಡಿದು, ಬಾಯ್ತುಂಬ ಬೈಯುತ್ತ, ಹುಡುಗನನ್ನೂ ಸೈಕಲ್ಲನ್ನೂ ದಡಕ್ಕೆ ಎಳೆದು ಹಾಕಿದ್ದ. ನಮ್ಮ ಕಡೆ ಇಂಥದ್ದಕ್ಕೆ ಬಾಯಿಬಿಟ್ಟು ಉಪಕಾರ ಹೇಳುವ ಪದ್ಧತಿ ಇಲ್ಲ. ಮುರುಗೇಶಪ್ಪನೂ ಹೇಳಲಿಲ್ಲ; ಹೊಳೆ ದಾಟುವಾಗಲೆಲ್ಲ ಒಂದು ಕಟ್ಟು ಬೀಡಿ ಕೊಟ್ಟು ಸುಮ್ಮನಾಗುತ್ತಿದ್ದ. ಮನಸ್ಸು ಮಾತ್ರ ಸುಮ್ಮನಿರಲಿಲ್ಲ.

ಯುದ್ಧ ಮುಗಿದ ವರ್ಷ ದುರುಗಪ್ಪನ ಅದೇ ಬಲಭುಜದ ಕೀಲು ತಪ್ಪಿತು. ನಾಟಿ ವೈದ್ಯರು ಕೂರಿಸಿದರು, ಎಣ್ಣೆ ತಿಕ್ಕಿದರು. ಕೈ ಎದೆಯ ಮಟ್ಟಕ್ಕೂ ಏಳಲಿಲ್ಲ. ಎರಡೂ ದಡದ ಮನೆಗಳವರು ಸುಗ್ಗಿಯಲ್ಲಿ ಅಂಬಿಗನಿಗೆ ಮೊರದ ತುಂಬ ಭತ್ತ ಕೊಡುವುದು ರೂಢಿ, ಅದಕ್ಕೆ ಆಯ ಎನ್ನುತ್ತಾರೆ. ಆ ಸಲವೂ ಕಳಿಸಿದರು. ದುರುಗಪ್ಪ ಅಂಗಳದಿಂದಲೇ ವಾಪಸು ಕಳಿಸಿದ. ದಾಟಿಸದ ಹೊಳೆಗೆ ಆಯ ತಿಂದರೆ ಮೈಗೆ ಹತ್ತುವುದಿಲ್ಲ ಎಂದ. ಮಗಳನ್ನು ನ್ಯಾಮತಿಗೆ ಕೊಟ್ಟಿದ್ದರು, ಗಂಡು ಮಕ್ಕಳಿಲ್ಲ. ಹೆಂಡತಿ ಚೌಡಮ್ಮ ಪರರ ಗದ್ದೆಗೆ ಕಳೆ ಕೀಳಲು ಹೋದಳು. ಮುಂದಿನ ಸುಗ್ಗಿಯೊಳಗೆ ದುರುಗಪ್ಪ ಏಳದಿದ್ದರೆ ಕಡವನ್ನು ಬೇರೆಯವರಿಗೆ ಕೊಡುವುದೆಂದು ಹಿರಿಯರು ತೀರ್ಮಾನಿಸಿದರು. ಅವರನ್ನಾದರೂ ಹೇಗೆ ಬೈಯುವುದು? ಜನ ಹೊಳೆ ದಾಟಲೇಬೇಕಲ್ಲ.

ಹರಿಗೋಲಿಗೆ ಎಂಜಿನ್ ಹಾಕುತ್ತೇನೆ ಎಂದ ಮುರುಗೇಶಪ್ಪ. ಊರು ನಕ್ಕಿತು.

ಬೆಂಗಳೂರಿನಲ್ಲಿ ಮಿಲಿಟರಿಯವರು ಬಿಟ್ಟುಹೋದ ಸಾಮಾನು ಮಾರುತ್ತಿದ್ದರು. ವಿಮಾನಕ್ಕೆಂದು ಕೂಡಿಟ್ಟದ್ದನ್ನು ಸೊಂಟಕ್ಕೆ ಕಟ್ಟಿಕೊಂಡು ಹೋದ. ಒಂದೇ ಎಂಜಿನ್ನಿಗೆ ಆಗುವಷ್ಟಿತ್ತು. ದೋಣಿಗೆ ಬೇಕಾದದ್ದು ನಿಧಾನಕ್ಕೆ ತಿರುಗಿ ಭಾರ ಎಳೆಯುವ, ನೀರಿನಿಂದ ತಣಿಯುವ ಎಂಜಿನ್ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಅಲ್ಲೊಂದು ಮೂಲೆಯಲ್ಲಿ ರೇಡಿಯೋ ಬ್ಯಾಟರಿಗೆ ಕರೆಂಟು ತುಂಬುವ ಪುಟ್ಟ ಪೆಟ್ರೋಲ್ ಎಂಜಿನ್ ಕೂತಿತ್ತು. ಒಂದೇ ಕೈಯಲ್ಲಿ ಎತ್ತಬಹುದು, ಗಾಳಿಯಲ್ಲೇ ತಣಿಯುತ್ತದೆ, ಹಗ್ಗ ಎಳೆದರೆ ಜೇನುಹುಳುವಿನ ಸದ್ದು. ವಾರವೆಲ್ಲ ಹರಿಗೋಲಿಗೆ, ರಜೆಯಲ್ಲಿ ವಿಮಾನಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ಆಸೆ ಹತ್ತಿದ ಮನಸ್ಸಿಗೆ ಲೆಕ್ಕ ಹೇಳಿಕೊಡಬೇಕೇ!

ಅದಕ್ಕೆ ನೀರು ತಳ್ಳುವ ಫ್ಯಾನು ಜೋಡಿಸಿ, ಹರಿಗೋಲಿನ ಹಿಂಬದಿಗೆ ಬಿಗಿದು, ಕಾಯಿ ಒಡೆದು, ಹಗ್ಗ ಎಳೆದ. ಅಯ್ಯೋ ಶಿವನೆ! ದುಂಡಗಿನ ಬುಟ್ಟಿ ಮುಂದೆ ಹೋಗುವುದಿರಲಿ, ಇದ್ದಲ್ಲೇ ಬುಗುರಿಯ ಹಾಗೆ ಗಿರಗಿರ ತಿರುಗಿತು. ದಡದಲ್ಲಿ ನಿಂತವರಿಗೆ ಅವನ ಮುಖ ಒಮ್ಮೆ, ಬೆನ್ನು ಒಮ್ಮೆ ಕಂಡಿತು. ಎಂಜಿನ್ ಕಾದು ಕೆಂಡವಾಗಿ ನಿಂತಿತು. ಮುರುಗೇಶಪ್ಪ ಹರಿಗೋಲಿನ ಅಂಚಿಗೆ ಬಾಗಿ ಬೆಳಗಿನ ರೊಟ್ಟಿಯನ್ನು ಹೊಳೆಗೆ ಒಪ್ಪಿಸಿದ. ಕೈ ಕೆಟ್ಟ ಮೇಲೆ ನಗುವುದನ್ನೇ ಮರೆತಿದ್ದ ದುರುಗಪ್ಪ ಅವತ್ತು ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಕ್ಕು ಮುಗಿಸಿ ಹತ್ತಿರ ಕೂತ.

"ಹರಿಗೋಲಿಗೆ ಹಿಂದು ಮುಂದು ಎಲ್ಲೈತೆ ಡ್ರೈವರಪ್ಪ? ನಾವು ಮುಂದೆ ಕುಂತು ಹುಟ್ಟಿನಾಗೆ ಎಳಕಂತೀವಿ. ಹಿಂದ್ಲಿಂದ ತಳ್ಳಿದ್ರೆ ಸುತ್ತದೆ ಇನ್ನೇನು ಮಾಡ್ತೈತೆ? ಗಾಡಿ ದಾಟಿಸಾಕೆ ಎರಡು ಹರಿಗೋಲು ಜೋಡಿ ಕಟ್ತೀವಲ್ಲ, ಹಂಗೆ ಕಟ್ಟು. ನೊಗಕ್ಕೆ ಕಟ್ಟಿದ ಎತ್ತು ಸುತ್ತಂಗಿಲ್ಲ."

ಜೋಡಿ ಕಟ್ಟಿದರು. ಸುತ್ತುವುದು ನಿಂತಿತು. ಆದರೆ ಅಷ್ಟು ಭಾರಕ್ಕೆ ಪುಟ್ಟ ಎಂಜಿನ್ ಬರೀ ಅರಚುತ್ತಿತ್ತು, ನಡುಹೊಳೆ ತಲುಪುವ ಮೊದಲೇ ಸುಟ್ಟ ವಾಸನೆ. ಅಂದು ಮುರುಗೇಶಪ್ಪ ಊಟ ಬಿಟ್ಟು ಎಂಜಿನ್ ಒರೆಸುತ್ತ, ವಿಮಾನವನ್ನು ನೋಡುತ್ತ ಕೂತ. ಹೆಂಡತಿ ಸರ್ವಮಂಗಳಮ್ಮ ಅಷ್ಟು ಹೊತ್ತು ನೋಡಿ ಕೊನೆಗೆ ಅಂದಳು: "ವಿಮಾನ ಹಾರ್ಲಿಲ್ಲ ಅಂತ ಯಾರ ಮನೆ ಒಲೆನೂ ಆರಂಗಿಲ್ಲ ಕಣ್ರೀ."

ಅಷ್ಟೇ ಸಾಕಾಯಿತು. ಚನ್ನಗಿರಿಯ ಅಕ್ಕಿ ಗಿರಣಿಯ ಪಂಚಾಕ್ಷರಪ್ಪನವರ ಹಿತ್ತಲಲ್ಲಿ ಬಾವಿಯ ನೀರೆತ್ತುತ್ತಿದ್ದ ಒಂದು ಹಳೇ ಎಂಜಿನ್ ತುಕ್ಕು ಹಿಡಿದು ಬಿದ್ದಿತ್ತು. ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ, ನೀರಿನಿಂದ ತಣಿಯುವ, ಕುರೂಪಿ, ಭಾರ. ಅವರಿಗೋ ಮಗಳ ಮದುವೆ ಚಪ್ಪರಕ್ಕೆ ವಿದ್ಯುತ್ ದೀಪ ಉರಿಸುವ ಆಸೆ. ಮುರುಗೇಶಪ್ಪ ತನ್ನ ಪುಟ್ಟ ಎಂಜಿನ್ನನ್ನು ಅವರ ಕೈಗಿತ್ತು, ಹಳೆಯದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದ. ವಿಮಾನವನ್ನು ಅಟ್ಟದ ತೊಲೆಗೆ ನೇತುಹಾಕಿದ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸುಗ್ಗಿಗೆ ಮುಂಚೆ ಜೋಡಿ ಹರಿಗೋಲು ಹೊರಟಿತು. ಎಂಜಿನ್ ದಮ್ಮಿನ ಮುದುಕನ ಹಾಗೆ ಡುಗ್ ಡುಗ್ ಎನ್ನುತ್ತಿತ್ತು, ಆದರೆ ಎಳೆಯಿತು. ಅದನ್ನು ನಡೆಸುವುದನ್ನು ಕಲಿತಿದ್ದ ಚೌಡಮ್ಮ ಸೆರಗು ಬಿಗಿದು ಪಕ್ಕದಲ್ಲಿ ಕೂತಿದ್ದಳು. ಮುರುಗೇಶಪ್ಪ ನಡುವೆ, ದುರುಗಪ್ಪ ಮುಂದೆ. ಬಂಡೆ ಎಲ್ಲಿ, ಮರಳದಿಬ್ಬ ಎಲ್ಲಿ, ಸುಳಿ ಎಲ್ಲಿ ಎಂಬುದು ಅವನಿಗಲ್ಲದೆ ಯಾರಿಗೆ ಗೊತ್ತು? ಎಡಗೈ ಚಾಚಿ ದಾರಿ ತೋರಿಸಿದ. ಬಂಡೆಗಳು ಕಳೆದು ನೀರು ನೇರವಾದಾಗ, ಬುದ್ಧಿ ಬಂದಾಗಿನಿಂದ ಹೊಳೆಯ ಮೇಲೆ ಖಾಲಿ ಕೂತೇ ಗೊತ್ತಿಲ್ಲದ ಅವನ ಕೈಗಳಿಗೆ ಎಲ್ಲಿರಬೇಕೋ ತಿಳಿಯಲಿಲ್ಲ. ಮೊಣಕಾಲ ಮೇಲಿಟ್ಟ, ತೆಗೆದ. ಕೊನೆಗೆ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಎರಡನ್ನೂ ಜೋಡಿಸಿ, ಮುರುಗೇಶಪ್ಪನ ಕಡೆ ತಿರುಗಿದ.

ಮುರುಗೇಶಪ್ಪ ಧಡಕ್ಕನೆ ಆ ಕೈಗಳನ್ನು ಹಿಡಿದು ಇಳಿಸಿದ.

"ಬ್ಯಾಡ ದುರುಗಣ್ಣ. ನನ್ನ ಜುಟ್ಟು ಹಿಡಿದು ಎಳೆದದ್ದು ಈ ಕೈ. ಇದು ನನಗೆ ಮುಗಿಯಂಗಿಲ್ಲ, ನಾನು ಇದಕ್ಕೆ ಮುಗೀಬೇಕು. ಇಷ್ಟು ವರ್ಷ ಹೇಳಾಕೆ ಬಾಯಿ ಬರ್ಲಿಲ್ಲ."

ದುರುಗಪ್ಪ ಹೊಳೆಯ ಕಡೆ ಮುಖ ತಿರುಗಿಸಿದ.

"ನೀನೇನು ಭಾರ ಇರ್ಲಿಲ್ಲ ಬಿಡು. ಆ ಸೈಕಲ್ಲೇ ಭಾರ ಇತ್ತು."

ಆ ಸುಗ್ಗಿಯಲ್ಲಿ ಎರಡೂ ದಡದಿಂದ ಆಯದ ಭತ್ತ ಬಂತು. ದುರುಗಪ್ಪ ತಾನೇ ಅಂಗಳಕ್ಕೆ ಇಳಿದು, ಎಡಗೈಯಲ್ಲಿ ಮೊರ ಹಿಡಿದು ತುಂಬಿಸಿಕೊಂಡ. ಮೊದಲ ಮೊರವನ್ನು ಚೌಡಮ್ಮ ತಲೆಯ ಮೇಲೆ ಹೊತ್ತು ಡ್ರೈವರಪ್ಪನ ಮನೆಗೆ ತಂದು, ವಿಮಾನ ತೂಗುತ್ತಿದ್ದ ತೊಲೆಯ ಕೆಳಗೆ ಸುರಿದು ಹೋದಳು.